ಗಿಡ್ಡ ಮೈಕಟ್ಟಿನವರಿಗೆ ಗುಡ್ಡದ ಸೈಕಲ್: ನಾನು 27.5 ಇಂಚಿನ ಗಾಲಿ ಆರಿಸಿದ್ದೇಕೆ

ನನ್ನ ಎತ್ತರ 5 ಅಡಿ 2 ಅಂಗುಲ. ನನ್ನಷ್ಟೇ ಎತ್ತರದವರು 25,000 ರೂಪಾಯಿಯೊಳಗೆ ಎಂಟಿಬಿ, ಅಂದರೆ ಮೌಂಟನ್ ಬೈಕ್ ಎನ್ನುವ ಗುಡ್ಡದ ಸೈಕಲ್ ಕೊಳ್ಳಬೇಕೆಂದಿದ್ದರೆ ನನ್ನ ಶಿಫಾರಸು ಇದು: ಚಿಕ್ಕ ಅಳತೆಯ ಅಲಾಯ್ ಫ್ರೇಮು, 27.5 ಇಂಚಿನ ಗಾಲಿ, ಮುಂದೆ ಮಾತ್ರ ಶಾಕ್ (ಕುಲುಕಾಟ ತಡೆಯುವ ಸ್ಪ್ರಿಂಗು), ಎರಡೂ ಗಾಲಿಗೆ ಡಿಸ್ಕ್ ಬ್ರೇಕು. ಇಂಥದ್ದೇ ಸೈಕಲ್ಲನ್ನು ಕಳೆದ ಮಳೆಗಾಲಕ್ಕೆ ಮುಂಚೆ ಕೊಂಡೆ. ಪುಣೆಯ ಹತ್ತಿರದ ಖಡಕ್‌ವಾಸ್ಲಾದಿಂದ ಬರುವ ಕಾಲುವೆಯ ಪಕ್ಕದ ಮಣ್ಣುದಾರಿ, ಡೋಣಜೆಯ ಆಚೀಚಿನ ಊರುಗಳ ಗರಸಿನ ರಸ್ತೆ, ರಜೆ ಸಿಕ್ಕಾಗ ಸಿಂಹಗಡದ ಏರು, ಇವೆಲ್ಲ ಅದರ ಮೇಲೆಯೇ ಆಗುತ್ತಿವೆ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಸಿಗುವ ಗೆಳತಿಯರು ‘ಯಾವುದು ತಗೊಳ್ಳಲಿ’ ಎಂದು ಕೇಳುತ್ತಲೇ ಇರುತ್ತಾರೆ. ಅವರಿಗೆಂದೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಹೋದದ್ದು ಹೊಳೆಯುವ ದೊಡ್ಡ ಮಳಿಗೆಯೊಂದಕ್ಕೆ. ಅಲ್ಲಿಯ ಹುಡುಗ ನನ್ನನ್ನು ನೇರವಾಗಿ ಬುಟ್ಟಿಯಿರುವ ಲೇಡೀಸ್ ಸೈಕಲ್‌ಗಳ ಕಡೆಗೆ ಕರೆದೊಯ್ದ. ಗುಡ್ಡಕ್ಕೆ ಬೇಕು ಎಂದ ಮೇಲೆ, ‘ಈಗ ಎಲ್ಲರೂ 29 ತೆಗೆದುಕೊಳ್ಳುತ್ತಾರೆ’ ಎಂದು ದೊಡ್ಡ ಗಾಲಿಯದೊಂದನ್ನು ಮುಂದೆ ತಂದಿಟ್ಟ. ನನ್ನ ಎತ್ತರವನ್ನಾಗಲಿ, ಎಲ್ಲಿ ಓಡಿಸುತ್ತೇನೆ ಎಂಬುದನ್ನಾಗಲಿ ಕೇಳಲಿಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಮೈಗೆ ಹೊಂದದ ಸೈಕಲ್ ಕೊಂಡವರು ಮಂಡಿನೋವು, ಬೆನ್ನುನೋವು ಎಂದು ಅದನ್ನು ಬಾಲ್ಕನಿಯಲ್ಲಿ ನಿಲ್ಲಿಸಿಬಿಡುತ್ತಾರೆ, ಸೈಕಲ್ ಸವಾರಿಯೇ ತಮಗಲ್ಲ ಎಂದು ತೀರ್ಮಾನಿಸುತ್ತಾರೆ. ತಪ್ಪು ಅವರದಲ್ಲ.

ಕೊನೆಗೆ ಕೊಂಡದ್ದು ಕರ್ವೆನಗರದ ಒಂದು ಸಣ್ಣ ಅಂಗಡಿಯಲ್ಲಿ. ಅಲ್ಲಿ ರಿಪೇರಿ ಮಾಡುವ ಹುಡುಗ ವಿಜಯಪುರ ಜಿಲ್ಲೆಯವನು. ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತನಾಡುತ್ತಿದ್ದುದನ್ನು ಕೇಳಿ ಕನ್ನಡದಲ್ಲೇ ಮಾತಿಗಿಳಿದ. ‘ಅಕ್ಕಾ, ಗಾಲಿ ಆಮೇಲೆ ನೋಡೋಣ. ಮೊದಲು ಫ್ರೇಮಿನ ಎರಡೂ ಬದಿಗೆ ಕಾಲು ಹಾಕಿ ನಿಲ್ಲಿ’ ಎಂದ. ಎರಡೂ ಪಾದ ನೆಲಕ್ಕೆ ಪೂರ್ತಿ ಊರಿ ನಿಂತಾಗ ಫ್ರೇಮಿನ ಮೇಲಿನ ಕೊಳವೆಗೂ ನಮಗೂ ನಡುವೆ ಎರಡು ಅಂಗುಲವಾದರೂ ಜಾಗ ಇರಬೇಕು. ಕಲ್ಲುದಾರಿಯಲ್ಲಿ ತಟ್ಟನೆ ಕಾಲೂರಬೇಕಾಗಿ ಬಂದರೆ ಆ ಜಾಗವೇ ಕಾಯುತ್ತದೆ. ಆಮೇಲೆ ಅವನು ಮಾಡಿಸಿದ ಪರೀಕ್ಷೆಯನ್ನು ಎಲ್ಲರೂ ಮಾಡಬೇಕು. ಸೀಟಿನ ಮೇಲೆ ಕೂತು, ಒಂದು ಪೆಡಲನ್ನು ಪೂರ್ತಿ ಮುಂದಕ್ಕೆ ತಂದು, ಪಾದವನ್ನು ಅದರ ಮೇಲಿಟ್ಟು, ಹ್ಯಾಂಡಲನ್ನು ನಿಧಾನವಾಗಿ ಆ ಪಾದಕ್ಕೆ ವಿರುದ್ಧ ಪಕ್ಕಕ್ಕೆ ತಿರುಗಿಸುವುದು. ಚಿಕ್ಕ ಫ್ರೇಮಿಗೆ 29ರ ಗಾಲಿ ಕೂಡಿಸಿದ್ದ ಸೈಕಲ್‌ನಲ್ಲಿ ಮುಂದಿನ ಟೈರಿನ ಹಿಂಬದಿ ನನ್ನ ಶೂವಿನ ತುದಿಗೆ ಬಂದು ಉಜ್ಜಿತು. ಏರುದಾರಿಯಲ್ಲಿ ಮೆಲ್ಲಗೆ ತಿರುವು ತೆಗೆದುಕೊಳ್ಳುವಾಗ ಹೀಗಾದರೆ ಬೀಳುವುದೇ. 27.5ರಲ್ಲಿ ನಡುವೆ ಎರಡು ಬೆರಳಿನಷ್ಟು ಜಾಗ ಉಳಿಯಿತು. ಬ್ರೇಕಿನ ಹಿಡಿ ನನ್ನ ಬೆರಳಿಗೆ ದೂರವಾಗಿತ್ತು. ಹಿಡಿಯ ಬುಡದಲ್ಲಿರುವ ಪುಟ್ಟ ತಿರುಪನ್ನು ಅಲನ್ ಕೀಯಿಂದ ಬಿಗಿ ಮಾಡುತ್ತ ಅದನ್ನು ಹತ್ತಿರಕ್ಕೆ ತಂದ. ಪ್ರತಿ ಸುತ್ತಿಗೂ ನನ್ನಿಂದ ಒತ್ತಿಸಿ ನೋಡುತ್ತಿದ್ದ. ಒಂದೇ ಬೆರಳಿಗೆ ಹಿಡಿ ಸಿಕ್ಕ ಮೇಲೆಯೇ ಬಿಟ್ಟದ್ದು. ಈ ತಿರುಪು ಹೆಚ್ಚಿನ ಸೈಕಲ್‌ಗಳಲ್ಲಿ ಇರುತ್ತದೆ, ತಿರುಗಿಸಿ ಕೊಡುವವರು ಬೇಕಷ್ಟೇ.

ಇನ್ನು ಗಾಲಿಯ ಲೆಕ್ಕ. 26, 27.5, 29 ಎಂಬುವು ಟೈರೂ ಸೇರಿದ ಅಂದಾಜು ಅಳತೆಗಳು. ಟೈರಿನ ಅಂಚು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ ಕ್ರಮವಾಗಿ 559, 584, 622 ಮಿಲಿಮೀಟರ್. ಟೈರಿನ ಪಕ್ಕೆಯಲ್ಲಿ ಇದು ಅಚ್ಚಾಗಿಯೇ ಇರುತ್ತದೆ. ಆ ಪ್ರಕಾರ 27.5 ಎನ್ನುವುದು ಎರಡರ ನಟ್ಟನಡುವೆ ಇಲ್ಲ. 26ಕ್ಕಿಂತ 25 ಮಿ.ಮೀ. ದೊಡ್ಡದು, 29ಕ್ಕಿಂತ 38 ಮಿ.ಮೀ. ಚಿಕ್ಕದು. 26ಕ್ಕೆ ಹತ್ತಿರದ ಚುರುಕುತನ ಅದಕ್ಕೆ ಉಳಿದಿರುವುದು ಹಾಗಾಗಿಯೇ.

ನಮ್ಮ ಮನೆಯವರದು 29. ಅವರ ಎತ್ತರ 5 ಅಡಿ 11 ಅಂಗುಲ, ಅವರಿಗೆ ಅದು ಸರಿಯಾಗಿ ಹೊಂದುತ್ತದೆ. ಒಂದೇ ದಾರಿಯಲ್ಲಿ ಎರಡೂ ಸೈಕಲ್ ಓಡುವುದರಿಂದ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಕಾಲುವೆ ದಾರಿಯಲ್ಲಿ ಮರದ ಬೇರು, ಕಲ್ಲು, ಗುಂಡಿ ಬಂದಾಗ ದೊಡ್ಡ ಗಾಲಿ ಅವನ್ನು ಮಟ್ಟಸವಾಗಿ ದಾಟುತ್ತದೆ. ಒಮ್ಮೆ ವೇಗ ಹಿಡಿದರೆ ಅದನ್ನು ಉಳಿಸಿಕೊಳ್ಳುತ್ತದೆ. ಆದರೆ ನಿಂತಲ್ಲಿಂದ ಹೊರಡುವಾಗ, ಕಿರಿದಾದ ತಿರುವಿನಲ್ಲಿ, ಕಡಿದಾದ ಏರಿನಲ್ಲಿ ನನ್ನದೇ ಮುಂದೆ. ಇದರಲ್ಲಿ ಗೇರಿನ ಪಾಲೂ ಇದೆ. ಮುಂದಿನ ಹಲ್ಲುಚಕ್ರದಲ್ಲಿ 24, ಹಿಂದಿನದರಲ್ಲಿ 28 ಹಲ್ಲಿರುವ ಅತಿ ಹಗುರ ಗೇರಿನಲ್ಲಿ, 2.1 ಇಂಚು ಅಗಲದ ಟೈರಿದ್ದರೆ, ಪೆಡಲ್ ಒಂದು ಸುತ್ತಿಗೆ 27.5ರ ಗಾಲಿ ಸುಮಾರು 1.86 ಮೀಟರ್ ಹೋಗುತ್ತದೆ, 29ರದು 1.96 ಮೀಟರ್. ಹತ್ತು ಸೆಂಟಿಮೀಟರ್ ಹೆಚ್ಚು ಹೋಗುವುದೆಂದರೆ ಕಾಲಿಗೆ ಅಷ್ಟೇ ಹೆಚ್ಚು ಭಾರ. ಸುಮಾರು 1,300 ಮೀಟರ್ ಎತ್ತರದ ಸಿಂಹಗಡಕ್ಕೆ ಏರುವ ರಸ್ತೆಯಲ್ಲಿ ಈ ವ್ಯತ್ಯಾಸ ತೊಡೆಗೆ ಚೆನ್ನಾಗಿ ಗೊತ್ತಾಗುತ್ತದೆ. ಯಾವ ಗಾಲಿಯಾದರೂ ಸರಿ, ಹಿಂದಿನ ಅತಿ ದೊಡ್ಡ ಹಲ್ಲುಚಕ್ರ 34 ಹಲ್ಲಿನದಾಗಿದ್ದರೆ ಪುಣೆಯ ಸುತ್ತಿನ ಘಾಟಿಗಳಿಗೆ ಒಳ್ಳೆಯದು. ಶಿಮಾನೊ ಕಂಪನಿಯ ಟೂರ್ನಿಯಂಥ ಆರಂಭದ ಮಟ್ಟದ ಗೇರುಗಳಲ್ಲೂ ಅದು ಸಿಗುತ್ತದೆ.

ಗಾಲಿ ದೊಡ್ಡದಾದಷ್ಟೂ ಸೈಕಲ್ ಶ್ರೇಷ್ಠ ಎನ್ನುವವರಿಗೆ ನಾನು 2012ರ ಲಂಡನ್ ಒಲಿಂಪಿಕ್ಸ್ ನೆನಪಿಸುತ್ತೇನೆ. ಪುರುಷರ ಮೌಂಟನ್ ಬೈಕ್ ಓಟದಲ್ಲಿ 29ರ ಗಾಲಿಯ ಯಾರೊಸ್ಲಾವ್ ಕುಲ್ಹಾವಿ ಚಿನ್ನ ಗೆದ್ದರು, 27.5ರ ನೀನೊ ಶುರ್ಟರ್ ಬೆಳ್ಳಿ ಪಡೆದರು. ಒಂದೂವರೆ ಗಂಟೆಯ ಓಟದ ಕೊನೆಯಲ್ಲಿ ಇಬ್ಬರ ನಡುವೆ ಇದ್ದದ್ದು ಒಂದು ಸೆಕೆಂಡು. ಅದೇ ಶುರ್ಟರ್ 2016ರಲ್ಲಿ ರಿಯೊದಲ್ಲಿ ಚಿನ್ನ ಗೆದ್ದದ್ದು 29ರ ಮೇಲೆ. ಅಷ್ಟು ಮೇಲಿನ ಮಟ್ಟದ ಸವಾರರೇ ಎರಡನ್ನೂ ಓಡಿಸಿರುವಾಗ ನಾವು ನಮ್ಮ ಕಾಲಿನ ಉದ್ದ ನೋಡಿಕೊಳ್ಳುವುದೇ ಜಾಣತನ.

ಹಣ ಕಡಿಮೆಯಿದ್ದಾಗ ಎಲ್ಲಿ ಹಾಕಬೇಕು ಎಂಬುದು ಗಾಲಿಗಿಂತ ದೊಡ್ಡ ಪ್ರಶ್ನೆ. ಹತ್ತು ಹನ್ನೆರಡು ಸಾವಿರಕ್ಕೆ ಹಿಂದೆಯೂ ಶಾಕ್ ಇರುವ ಸೈಕಲ್ ತೋರಿಸಿದರೆ ದಯವಿಟ್ಟು ಬೇಡವೆನ್ನಿ. ಆ ಬೆಲೆಯ ಸ್ಪ್ರಿಂಗು ತುಳಿದ ಶಕ್ತಿಯನ್ನು ತಾನೇ ನುಂಗುತ್ತದೆ, ತೂಕವನ್ನೂ ಏರಿಸುತ್ತದೆ. ಅದರ ಕೀಲುಗಳು ಸಡಿಲವಾದರೆ ರಿಪೇರಿ ಕಷ್ಟ. ಮುಂದಿನ ಶಾಕ್‌ಗೂ ಆಸೆ ಮಿತವಾಗಿರಲಿ. ನನ್ನದು ಉಕ್ಕಿನ ಸ್ಪ್ರಿಂಗಿನದು, ಸಣ್ಣ ಗುಂಡಿಗಳಿಗೆ ಸಾಕು. ಏರಿನಲ್ಲಿ ಅದನ್ನು ಬಂಧಿಸಿಡುವ ಲಾಕ್ ಇದೆ, ಅದು ಬಹಳ ಉಪಯೋಗಕ್ಕೆ ಬರುತ್ತದೆ. ಹಿಂದಿನ ಗಾಲಿಯ ಹಬ್ (ನಡುವಿನ ಗುಂಬ) ಕ್ಯಾಸೆಟ್ ಎನ್ನುವ ಹಲ್ಲುಚಕ್ರಗಳ ಗೊಂಚಲನ್ನು ಜಾರಿಸಿ ಕೂರಿಸುವಂಥದ್ದೋ, ಅದನ್ನು ತಿರುಪಿ ಕೂರಿಸುವ ಹಳೆಯ ಬಗೆಯ ಫ್ರೀವೀಲಿನದೋ ಎಂದು ಕೇಳಿ. ಫ್ರೀವೀಲಿನದರಲ್ಲಿ ಬಲಗಡೆಯ ಬೇರಿಂಗು ಒಳಗೆ ಸರಿದಿರುತ್ತದೆ, ಕಲ್ಲುದಾರಿಯಲ್ಲಿ ಅಚ್ಚು ಬಾಗುವ ಸಂಭವ ಹೆಚ್ಚು. ಎರಡು ಮೂರು ಸಾವಿರ ಹೆಚ್ಚಾದರೂ ಕ್ಯಾಸೆಟ್ಟಿನದೇ ಒಳ್ಳೆಯದು. ಸೈಕಲ್ಲಿನ ಹೆಸರಿಗಿಂತ ಬಿಡಿಭಾಗಗಳ ಪಟ್ಟಿ ಓದಿ ಎನ್ನುವುದು ಇದಕ್ಕೇ. ಬೇರೆ ಬೇರೆ ಹೆಸರು ಹೊತ್ತ ಸೈಕಲ್‌ಗಳಲ್ಲಿ ಅವೇ ಭಾಗಗಳಿರುತ್ತವೆ.

ಕೇಬಲ್ ಎಳೆದು ಹಿಡಿಯುವ ಮೆಕ್ಯಾನಿಕಲ್ ಡಿಸ್ಕ್ ಬ್ರೇಕು ಮಳೆಯಲ್ಲಿ ನನ್ನ ನಂಬಿಕೆ ಉಳಿಸಿಕೊಂಡಿದೆ. ಕೇಬಲ್ ಸಡಿಲವಾದರೆ ನಾನೇ ಬಿಗಿ ಮಾಡಿಕೊಳ್ಳುತ್ತೇನೆ. ಕೊರತೆಗಳೂ ಇವೆ. ಜೊತೆಗೆ ಬಂದ ಟೈರಿನ ಗಡ್ಡೆಗಳ ನಡುವೆ ಸಂದು ಕಡಿಮೆ. ಎರೆಮಣ್ಣು ಮೆತ್ತಿಕೊಂಡರೆ ಉದುರುವುದಿಲ್ಲ, ಗಾಲಿ ಫ್ರೇಮಿಗೆ ಉಜ್ಜುವಷ್ಟು ದಪ್ಪವಾಗುತ್ತದೆ. ಸೀಟು ಹೆಂಗಸರ ಸೊಂಟಕ್ಕೆ ಅಗಲ ಸಾಲದು, ಬದಲಿಸಿದೆ. ಮಡ್‌ಗಾರ್ಡು, ಸ್ಟ್ಯಾಂಡು, ಗಂಟೆ ಯಾವುದೂ ಜೊತೆಗೆ ಬರುವುದಿಲ್ಲ. ಹೆಲ್ಮೆಟ್ಟನ್ನೂ ಸೇರಿಸಿಯೇ ಬಜೆಟ್ ಹಾಕಿಕೊಳ್ಳಿ.

ಟ್ಯೂಬಿನ ವಿಷಯವೂ ಮುಖ್ಯ. 26ರ ಟ್ಯೂಬು ಗಲ್ಲಿಯ ಪಂಕ್ಚರ್ ಅಂಗಡಿಯಲ್ಲೂ ಸಿಗುತ್ತದೆ. 27.5ರದು ಎಲ್ಲ ಕಡೆ ಸಿಗದು, ಒಂದು ಸದಾ ಚೀಲದಲ್ಲಿರಲಿ. ಬೈಕಿನ ಟ್ಯೂಬಿಗಿರುವಂಥ ದಪ್ಪ ವಾಲ್ವಿನದನ್ನೇ ಕೇಳಿ ಪಡೆಯಿರಿ. ಪೆಟ್ರೋಲ್ ಬಂಕಿನಲ್ಲೂ ಗಾಳಿ ತುಂಬಿಸಬಹುದು. ಗಾಳಿಯ ಒತ್ತಡವನ್ನು ಡಾಂಬರಿಗೆ ನಾನು 45 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸು, ಮಣ್ಣುದಾರಿಗೆ 32ರಷ್ಟು ಇಡುತ್ತೇನೆ. ಮಣ್ಣಿನಲ್ಲಿ ಗಾಳಿ ಇಳಿಸಿದಾಗ ಸಿಗುವ ಹಿಡಿತ ದೊಡ್ಡ ಗಾಲಿಯ ಲಾಭವನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ.

ಬೆಲೆ ಕೇಳುವಾಗ ಒಂದು ಮಾತು ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ತೋರಿಸಿದರೆ ಬಿಲ್ಲಿನಲ್ಲಿ ತೆರಿಗೆ ಎಷ್ಟೆಂದು ನೋಡಿ. ಕರ್ವೆನಗರದ ಅಂಗಡಿಯವರು ಬಿಲ್ಲನ್ನು ಸರಿಯಾಗಿ ಕೊಟ್ಟರು. ಮೊದಲ ಕೆಲವು ವಾರ ಓಡಿಸಿದ ಮೇಲೆ ಕಡ್ಡಿಗಳನ್ನು ಮತ್ತೆ ಬಿಗಿ ಮಾಡಿ, ಗಾಲಿಯ ಓಲಾಟ ತೆಗೆದುಕೊಟ್ಟದ್ದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿರುತ್ತದೆ, ಸಂಜೆ ಗಿರಾಕಿಗಳು ತುಂಬಿರುತ್ತಾರೆ. ಬೆಳಿಗ್ಗೆ ಹೋಗಿ, ಸೈಕಲ್ ಓಡಿಸುವಾಗ ಹಾಕಿಕೊಳ್ಳುವ ಶೂಗಳನ್ನೇ ಹಾಕಿಕೊಂಡು ಹೋಗಿ.