‘ಕಸ್ಟಮ್ ಫಿಟ್’ ಮೌತ್‌ಗಾರ್ಡ್ ಅಂತ ನಂಬಿದೆ, ಮಗನ ಹಲ್ಲು ಮುರಿಯಿತು

ಫುಟ್‌ಬಾಲ್ ಆಡುವ ಮಕ್ಕಳಿರುವವರು ದಯವಿಟ್ಟು ಪೂರ್ತಿ ಓದಿ. ಬರೆಯೋಕೆ ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಇನ್ನೊಬ್ಬರ ಮಗುವಿಗೆ ಹೀಗಾಗಬಾರದು.

ನನ್ನ ಮಗನಿಗೆ 13 ವರ್ಷ, ಡಿಫೆಂಡರ್. ಕಾರ್ನರ್ ಬಂತು ಅಂದರೆ ಹೆಡ್ ಮಾಡೋಕೆ ಮೊದಲು ಹಾರುವವನು ಇವನೇ. ಫುಟ್‌ಬಾಲ್ ನಿಯಮದಲ್ಲಿ ಕಾಲಿಗೆ ಕಟ್ಟುವ ಶಿನ್ ಗಾರ್ಡ್ ಕಡ್ಡಾಯ, ಹಲ್ಲು ಕಾಪಾಡೋಕೆ ಬಾಯಿಗೆ ಹಾಕುವ ಮೌತ್‌ಗಾರ್ಡ್ ಅಲ್ಲ. ಯಾರೂ ಕೇಳುವುದಿಲ್ಲ ಅಂತ ಸುಮ್ನಿರಲು ಮನಸ್ಸಾಗಲಿಲ್ಲ, ಆನ್‌ಲೈನ್‌ನಲ್ಲಿ ಹುಡುಕಿದೆ. ಒಂದರ ಮೇಲೆ ‘ಕಸ್ಟಮ್ ಫಿಟ್’ ಅಂತ ದೊಡ್ಡ ಅಕ್ಷರ. ಕೆಳಗೆ ‘ಹಲ್ಲಿಗೆ ಪೆಟ್ಟಾದರೆ ಖರ್ಚು ನಮ್ಮದು’. ಕಸ್ಟಮ್ ಅಂದರೆ ನಮ್ಮ ಹಲ್ಲಿನ ಅಚ್ಚು ತೆಗೆದು ಮಾಡಿಕೊಡುವುದು ಅಂತಲ್ವಾ? ನಾನು ಹಾಗೇ ಅಂದುಕೊಂಡೆ. ಬಂದಿದ್ದು ಬಿಸಿನೀರಲ್ಲಿ ಹಾಕಿ ಕಚ್ಚುವ ಮಾಮೂಲಿ ಗಾರ್ಡ್.

ಮಾರಿದವರಿಗೆ ಮೆಸೇಜ್ ಹಾಕಿ ಕೇಳಿದೆ. ‘ಮೇಡಂ, ನಿಮ್ಮ ಮಗ ಕಚ್ಚಿದ ಮೇಲೆ ಅದು ಅವನ ಬಾಯಿಗೆ ಮಾತ್ರ ಹೊಂದುತ್ತೆ. ಅದಕ್ಕೇ ಕಸ್ಟಮ್’ ಅಂದರು. ಆಗಲೇ ವಾಪಸ್ ಕಳಿಸಬೇಕಿತ್ತು. ನಾನು ‘ಸರಿ’ ಅಂತ ಬರೆದೆ. ಆ ‘ಸರಿ’ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಗಾರ್ಡ್ ಜೊತೆ ಬಂದ ಚೀಟಿಯಲ್ಲಿ ಇದ್ದ ಹಾಗೇ ಸೆಕೆಂಡು ಎಣಿಸಿ ಮಾಡಿದೆ. ‘ಗಟ್ಟಿಯಾಗಿ ಕಚ್ಚಿ’ ಅಂತಿತ್ತು, ಕಚ್ಚಿದ. ಆದರೆ ಬಾಯಿ ತೆರೆದರೆ ಸಾಕು, ಕಳಚಿ ನಾಲಿಗೆ ಮೇಲೆ ಬೀಳುತ್ತಿತ್ತು. ಮತ್ತೆ ಮೆಸೇಜ್. ‘ಎರಡು ವಾರದಲ್ಲಿ ಅಭ್ಯಾಸ ಆಗುತ್ತೆ ಮೇಡಂ.’ ಮಗ ಹಲ್ಲು ಕಚ್ಚಿಕೊಂಡೇ ಓಡುತ್ತಿದ್ದ. ಕೂಗಬೇಕಾದರೆ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ. ನಾನು ನೋಡುತ್ತಾ ನಿಂತಿದ್ದೆ.

ಎರಡನೇ ಪಂದ್ಯದಲ್ಲಿ ಆಯಿತು. ಇಬ್ಬರೂ ಒಟ್ಟಿಗೆ ಹಾರಿದರು, ಎದುರಿನ ಹುಡುಗನ ಮೊಣಕೈ ಬಾಯಿಗೆ ಬಡಿಯಿತು. ಆ ಹುಡುಗನದು ತಪ್ಪಿಲ್ಲ. ‘ಬಾಲ್ ನನ್ನದು’ ಅಂತ ಕೂಗೋಕೆ ಇವನು ಬಾಯಿ ತೆರೆದಿದ್ದ, ಗಾರ್ಡ್ ಆಗಲೇ ಹುಲ್ಲಿಗೆ ಬಿದ್ದಿತ್ತು. ತುಟಿ ಸೀಳಿತ್ತು. ಮೇಲಿನ ಮುಂದಿನ ಹಲ್ಲು ಓರೆಯಾಗಿ ಅರ್ಧ ಮುರಿದಿತ್ತು.

ಹಲ್ಲಿನ ಡಾಕ್ಟರು ಆ ಗಾರ್ಡ್ ಇಸ್ಕೊಂಡು ಕಿಟಕಿ ಬೆಳಕಿಗೆ ಹಿಡಿದರು. ಮುಂದಿನ ಹಲ್ಲು ಕೂರುವ ಜಾಗದಲ್ಲಿ ಅವರ ಬೆರಳಿನ ಗೆರೆ ಆಚೆಯಿಂದ ಕಾಣುತ್ತಿತ್ತು. ಅಳತೆ ಹಿಡಿದರೆ 1 ಮಿಲಿಮೀಟರ್ ಕೂಡ ಇಲ್ಲ. ಅಲ್ಲಿ ಸುಮಾರು 3 ಮಿಲಿಮೀಟರ್ ದಪ್ಪ ಬೇಕು. ಬಿಸಿ ಇರುವಾಗ ಗಟ್ಟಿಯಾಗಿ ಕಚ್ಚಿದರೆ ಪ್ಲಾಸ್ಟಿಕ್ ಪಕ್ಕಕ್ಕೆ ಸರಿದು ತೆಳ್ಳಗಾಗುತ್ತದಂತೆ. ಮಾರಿದವರ ಚೀಟಿಯಲ್ಲೇ ಗಟ್ಟಿಯಾಗಿ ಕಚ್ಚಿ ಅಂತಿತ್ತಲ್ಲ!

ಖರ್ಚು ಕೇಳಿದಾಗ ಬಂದ ಉತ್ತರಗಳನ್ನು ನೋಡಿ. ಮೊದಲು ‘ಜಾಸ್ತಿ ಹೊತ್ತು ಕುದಿಸಿದ್ದೀರಿ’. ಆಮೇಲೆ ‘ಗ್ಯಾರಂಟಿಗೆ ಹೆಸರು ನೋಂದಾಯಿಸಿಲ್ಲ’. ಆಮೇಲೆ ‘ಬಾಯಿಗೆ ಹಾಕಿದ ವಸ್ತು ವಾಪಸ್ ತಗೊಳ್ಳಲ್ಲ’. ಕೊನೆಗೆ ಬಂದಿದ್ದು ಇದು: ‘ಪೆಟ್ಟು ಬಿದ್ದಾಗ ಗಾರ್ಡ್ ಬಾಯಲ್ಲಿ ಇರಲಿಲ್ಲ ಅಂತ ನೀವೇ ಹೇಳಿದ್ದೀರಿ. ಹಾಕಿಕೊಳ್ಳದೆ ಆಡಿದರೆ ನಾವು ಜವಾಬ್ದಾರರಲ್ಲ.’ ಗಾರ್ಡ್ ಬಾಯಲ್ಲಿ ನಿಲ್ಲಲಿಲ್ಲ ಅಂತ ದೂರು ಕೊಟ್ಟರೆ ಆ ದೂರನ್ನೇ ನನ್ನ ಮೇಲೆ ತಿರುಗಿಸಿದರು. ನಾಲ್ಕು ಸಲ ಓದಿದೆ. ಕೈ ನಡುಗುತ್ತಿತ್ತು.

ಆಗುವುದಾದರೆ ಹಲ್ಲಿನ ಡಾಕ್ಟರ ಹತ್ತಿರ ಅಚ್ಚು ಕೊಟ್ಟೇ ಮಾಡಿಸಿ. ಬಿಸಿನೀರಿನದ್ದೇ ತಗೊಂಡರೆ ಮೆಲ್ಲಗೆ ಕಚ್ಚಿಸಿ, ಬೆರಳಿಂದ ಹೊರಗಿನಿಂದ ಒತ್ತಿ ಕೂರಿಸಿ. ಬಾಯಿ ಪೂರ್ತಿ ತೆರೆದಾಗಲೂ ತಾನಾಗೇ ಮೇಲಿನ ಹಲ್ಲಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಅದನ್ನು ಹಾಕಿಸಿ ಆಡಿಸಬೇಡಿ. ಹಲ್ಲಿಗೆ ಕ್ಲಿಪ್ ಹಾಕಿಸಿದ್ದರೆ ಡಾಕ್ಟರನ್ನು ಕೇಳದೆ ಯಾವುದನ್ನೂ ಕೊಳ್ಳಬೇಡಿ. ಬೆಳೆಯುವ ಮಕ್ಕಳಿಗೆ ಹಳೆಯದು ಬಿಗಿಯಾಗುತ್ತದೆ, ಬದಲಿಸುತ್ತಿರಬೇಕು. ಮೌತ್‌ಗಾರ್ಡ್ ಹಾಕಿದರೆ ಮೆದುಳಿಗೂ ಪೆಟ್ಟಾಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅವರೂ ಮಾರಾಟಕ್ಕೇ ಹೇಳುತ್ತಿರುತ್ತಾರೆ.

ಇನ್ನೊಂದು, ಹಾಲುಹಲ್ಲು ಬಿದ್ದ ಮೇಲೆ ಬಂದ ಶಾಶ್ವತ ಹಲ್ಲು ಇಡಿಯಾಗಿ ಕಿತ್ತು ಬಂದರೆ ಬೇರು ಮುಟ್ಟಬೇಡಿ, ಉಜ್ಜಬೇಡಿ. ಹಾಲಲ್ಲಿ ಹಾಕಿಕೊಂಡು ತಕ್ಷಣ ಡಾಕ್ಟರ ಹತ್ತಿರ ಓಡಿ, ಅರ್ಧ ಗಂಟೆಯೊಳಗೆ ತಲುಪಿದರೆ ಒಳ್ಳೆಯದು.

ಮುರಿದ ಹಲ್ಲನ್ನು ಕಟ್ಟಿದ ಮೇಲೆಯೇ ಹೊಸ ಗಾರ್ಡಿಗೆ ಅಚ್ಚು ತೆಗೆಯುತ್ತಾರಂತೆ. ಅಲ್ಲಿಯವರೆಗೆ ಆಟ ಇಲ್ಲ. ಬೂಟ್ ಒರೆಸಿ ಬಾಗಿಲ ಹತ್ತಿರ ಇಟ್ಟಿದ್ದಾನೆ. ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಾನೆ.