561ನ್ನು ಅವಿಭಾಜ್ಯವೆಂದ ಆ್ಯಪ್

ಒಂದು ಪೂರ್ಣಸಂಖ್ಯೆಯನ್ನು ಕೊಟ್ಟರೆ ಅದರ ಭಾಜಕಗಳು, ಅವಿಭಾಜ್ಯ ಅಪವರ್ತನಗಳು, ದ್ವಿಮಾನ ರೂಪ ಮುಂತಾದ ಗುಣಗಳನ್ನೆಲ್ಲ ಒಂದೇ ಪುಟದಲ್ಲಿ ಒಪ್ಪಿಸುವ ಮೊಬೈಲ್ ಆ್ಯಪ್ ಒಂದನ್ನು ಕೆಲವು ವಾರಗಳಿಂದ ಬಳಸುತ್ತಿದ್ದೇನೆ. ಇಂಥ ಸಾಧನವನ್ನು 12, 100ರಂಥ ಸಾಧು ಸಂಖ್ಯೆಗಳಿಂದ ಪರೀಕ್ಷಿಸಿ ಪ್ರಯೋಜನವಿಲ್ಲ. ಆದ್ದರಿಂದ ನಾನು ಕೊಟ್ಟದ್ದು 561.

ವಿವರ ಪುಟದಲ್ಲಿ ಒಂದು ತಪ್ಪೂ ಸಿಗಲಿಲ್ಲ. 561 ಎಂದರೆ 3 × 11 × 17. ಅದಕ್ಕೆ 8 ಭಾಜಕಗಳು, ಅವುಗಳ ಮೊತ್ತ 864. 561ನ್ನೇ ಕಳೆದರೆ ಉಳಿಯುವುದು 303 ಮಾತ್ರವಾದ್ದರಿಂದ ಅದು ನ್ಯೂನ ಸಂಖ್ಯೆ. 1ರಿಂದ 33ರವರೆಗಿನ ಸಂಖ್ಯೆಗಳನ್ನು ಕೂಡಿದರೂ 561 ಬರುತ್ತದೆ. ದ್ವಿಮಾನ ರೂಪ 1000110001, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಗತಪ್ರತ್ಯಾಗತ ಪದ್ಯಗಳನ್ನು ಮೆಚ್ಚುವವರಿಗೆ ಇದೊಂದು ಸಣ್ಣ ಸಂತೋಷ.

ತೊಂದರೆ ಇರುವುದು ಮೇಲ್ಗಡೆಯ ‘ಶೀಘ್ರ ಪರೀಕ್ಷೆ’ ಎಂಬ ಗುಂಡಿಯಲ್ಲಿ. ಅದನ್ನು ಒತ್ತಿದರೆ 561ರ ಪಕ್ಕದಲ್ಲಿ ಹಸಿರು ಅಕ್ಷರಗಳಲ್ಲಿ ‘ಅವಿಭಾಜ್ಯ’ ಎಂದು ಮೂಡುತ್ತದೆ. ಅಂಕಿಗಳ ಮೊತ್ತ 5 + 6 + 1 = 12 ಆದ್ದರಿಂದ ಸಂಖ್ಯೆ 3ರಿಂದ ಭಾಗವಾಗುತ್ತದೆಂದು ಶಾಲೆಯ ಮಕ್ಕಳೂ ಹೇಳಿಯಾರು.

ಕಾರಣ ಸಹಾಯ ಪುಟದಲ್ಲೇ ಇದೆ: ಈ ಗುಂಡಿ 2ನ್ನು ಆಧಾರವಾಗಿಟ್ಟು ಫರ್ಮಾ ಪರೀಕ್ಷೆಯೊಂದನ್ನೇ ನಡೆಸುತ್ತದೆ. ಅಂದರೆ, 2ರ 560ನೆಯ ಘಾತವನ್ನು 561ರಿಂದ ಭಾಗಿಸಿ ಶೇಷ 1 ಬಂದರೆ ಅವಿಭಾಜ್ಯವೆಂದು ತೀರ್ಮಾನಿಸುತ್ತದೆ. 2ನ್ನು ಬಿಟ್ಟು ಉಳಿದ ಎಲ್ಲ ಅವಿಭಾಜ್ಯಗಳಿಗೂ ಶೇಷ ಹಾಗೇ ಬರುತ್ತದೆ, ನಿಜ; ಆದರೆ ಹಾಗೆ ಬಂದದ್ದೆಲ್ಲ ಅವಿಭಾಜ್ಯವಲ್ಲ. 561 ಅತಿ ಚಿಕ್ಕ ಕಾರ್ಮೈಕಲ್ ಸಂಖ್ಯೆ. ತನ್ನೊಡನೆ ಸಾಮಾನ್ಯ ಅಪವರ್ತನವಿಲ್ಲದ ಯಾವ ಆಧಾರವನ್ನಿಟ್ಟರೂ ಅದು ಈ ಪರೀಕ್ಷೆಯನ್ನು ಹೀಗೇ ವಂಚಿಸುತ್ತದೆ. 3ನ್ನು ಆಧಾರವಾಗಿಟ್ಟಿದ್ದರೆ ಶೇಷ 375 ಬಂದು ಗುಟ್ಟು ರಟ್ಟಾಗುತ್ತಿತ್ತು, ಅದೂ 3 ಅದರ ಅಪವರ್ತನವೇ ಆಗಿರುವುದರಿಂದ. ಅಪವರ್ತನಗಳಲ್ಲಿ ಒಂದೊಂದು ಕಳೆದರೆ ಸಿಗುವ 2, 10, 16 ಮೂರೂ 560ನ್ನು ನಿಶ್ಶೇಷವಾಗಿ ಭಾಗಿಸುವುದೇ ಈ ವಂಚನೆಯ ಮೂಲ. ಗಣಿತಜ್ಞ ಕೊರ್ಸೆಲ್ಟ್ 1899ರಲ್ಲೇ ಈ ನಿಯಮವನ್ನು ಹೇಳಿದ್ದರು. ವಿವರ ಪುಟದಲ್ಲಿ ‘ಕಾರ್ಮೈಕಲ್: ಹೌದು’ ಎಂಬ ಸಾಲು ಇದೆ, ಏಕೆ ಹೌದು ಎಂಬುದಿಲ್ಲ. ಅದೇ ಆ್ಯಪ್ ಅದೇ ಸಂಖ್ಯೆಯನ್ನು ಮೇಲೆ ಅವಿಭಾಜ್ಯವೆನ್ನುತ್ತ ಕೆಳಗೆ ಮೂರು ತುಂಡು ಮಾಡಿ ತೋರಿಸುವುದನ್ನು ಯಾರೂ ಗಮನಿಸದೆ ಹೋದದ್ದು ಆಶ್ಚರ್ಯ.

ಇದನ್ನು ಸರಿಪಡಿಸಲು ಹೆಚ್ಚಿನ ಶ್ರಮವೂ ಬೇಕಿಲ್ಲ. 560 ಎಂದರೆ 16 × 35. 2ರ 35ನೆಯ ಘಾತದಿಂದ ಹೊರಟು ಮತ್ತೆ ಮತ್ತೆ ವರ್ಗ ಮಾಡುತ್ತ ಹೋದರೆ ಶೇಷಗಳು 263, 166, 67, 1 ಎಂದು ಬರುತ್ತವೆ. 67ರ ವರ್ಗದ ಶೇಷ 1. ಆದರೆ ಅವಿಭಾಜ್ಯದಲ್ಲಿ 1ಕ್ಕೂ 560ಕ್ಕೂ ಮಾತ್ರ ಸಲ್ಲುವ ಗುಣವಿದು, 67ಕ್ಕೆ ಸಲ್ಲಬಾರದು. ಮಿಲ್ಲರ್–ರೇಬಿನ್ ಪರೀಕ್ಷೆ ಹಿಡಿಯುವುದು ಇದನ್ನೇ. ಇಷ್ಟೇ ಅಲ್ಲ, 67ರಲ್ಲಿ ಒಂದು ಕಳೆದರೆ ಬರುವ 66 ಮತ್ತು 561ರ ಮ.ಸಾ.ಅ. 33, ಒಂದು ಕೂಡಿಸಿದರೆ ಬರುವ 68 ಮತ್ತು 561ರದು 17. ಸಂಖ್ಯೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ತಯಾರಕರಿಗೆ ಈ ಲೆಕ್ಕವನ್ನೆಲ್ಲ ಬರೆದು ಕಳುಹಿಸಿದೆ. ಅನಂತರ ಬಂದ ಹೊಸ ಆವೃತ್ತಿಯಲ್ಲಿ ಗುಂಡಿಯ ಬಣ್ಣ ಬದಲಾಗಿದೆ, ಉತ್ತರ ಬದಲಾಗಿಲ್ಲ. ವಿವರ ಪುಟ ಒಂದೇ ಇದ್ದಿದ್ದರೆ 5ರಲ್ಲಿ 4 ನಕ್ಷತ್ರ ಕೊಡುತ್ತಿದ್ದೆ. ಆ ಗುಂಡಿ ಇರುವವರೆಗೆ 2.