ವಾರಕ್ಕೆ ಮೂರು ದಿನ, ಹಳದಿ ಮಾರ್ಗದಲ್ಲಿ

ಮನೆಯಿಂದ ಕೆಲಸವೋ ಕಚೇರಿಯಿಂದ ಕೆಲಸವೋ ಎಂದು ಬೆಂಗಳೂರಿನಲ್ಲಿ ಯಾರಾದರೂ ವಾದಕ್ಕಿಳಿದರೆ ಐದೇ ನಿಮಿಷದಲ್ಲಿ ಮಾತು ಕಚೇರಿಯನ್ನು ಬಿಟ್ಟು, ವಾಹನದಟ್ಟಣೆಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಬಂದು ನಿಲ್ಲುತ್ತದೆ. ನನ್ನ ಮನೆ ಬಸವನಗುಡಿಯಲ್ಲಿ, ಕೆಲಸ ಎಲೆಕ್ಟ್ರಾನಿಕ್ ಸಿಟಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. 2020ರ ಮಾರ್ಚ್‌ನಲ್ಲಿ ಲ್ಯಾಪ್‌ಟಾಪ್ ಹೊತ್ತು ಮನೆ ಸೇರಿದವನು, ಮರಳಿ ಬನ್ನಿ ಎಂಬ ಇ-ಮೇಲ್ ಬಂದಾಗಲೆಲ್ಲ ಒಂದೇ ಉತ್ತರ ಕೊಡುತ್ತಿದ್ದೆ: ಕಚೇರಿಯ ಬಗ್ಗೆ ನನ್ನ ತಕರಾರಿಲ್ಲ, ತಕರಾರೆಲ್ಲ ದಾರಿಯದು. 2025ರ ಆಗಸ್ಟ್‌ನಲ್ಲಿ ನಮ್ಮ ಮೆಟ್ರೋದ ಹಳದಿ ಮಾರ್ಗ ಆರಂಭವಾದಾಗ ಆ ಉತ್ತರ ಕೈತಪ್ಪಿತು. ಕಂಪನಿಯ ನಿಯಮದಂತೆ ವಾರಕ್ಕೆ ಮೂರು ದಿನ, ಐದು ತಿಂಗಳ ಕಾಲ ಅದರಲ್ಲಿ ಓಡಾಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಮೊದಲ ದಿನದ ಸಂಭ್ರಮಕ್ಕೆ ಹತ್ತಿ ಸೆಲ್ಫಿ ತೆಗೆದುಕೊಂಡು ಇಳಿದವರ ಅನಿಸಿಕೆ ಇದಲ್ಲ, ಹೋಗಲೇಬೇಕಾದವನ ಲೆಕ್ಕಾಚಾರ.

ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19.15 ಕಿಲೋಮೀಟರ್ ಉದ್ದದ, 16 ನಿಲ್ದಾಣಗಳ ಈ ಮಾರ್ಗವನ್ನು ಪ್ರಧಾನಿಯವರು ಆಗಸ್ಟ್ 10ರಂದು ಉದ್ಘಾಟಿಸಿದರು. ಮರುದಿನದಿಂದ ಸಾರ್ವಜನಿಕರ ಸಂಚಾರ ಶುರುವಾಯಿತು. ಎಲೆಕ್ಟ್ರಾನಿಕ್ ಸಿಟಿ ಇದಕ್ಕಾಗಿ ಕಾದದ್ದು ಸಣ್ಣ ಅವಧಿಯಲ್ಲ. 1970ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗ ಅವರು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆ ಜಮೀನಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡಾಗ ಊರು ಇಷ್ಟು ದೂರ ಬೆಳೆದು ಬಂದು ಇದನ್ನು ನುಂಗುತ್ತದೆಂದು ಯಾರೂ ಎಣಿಸಿರಲಿಲ್ಲ. 2010ರಲ್ಲಿ ಸುಮಾರು ಹತ್ತು ಕಿಲೋಮೀಟರಿನ ಟೋಲ್ ಮೇಲ್ಸೇತುವೆ ಬಂತು. ಸೇತುವೆ ಹತ್ತಿದ ಮೇಲೆ ಕಾರು ಹಾರಿದಂತೆ ಹೋಗುತ್ತದೆ ಎಂಬುದು ನಿಜ, ಆದರೆ ಆ ಸೇತುವೆಯ ಬುಡಕ್ಕೆ ತಲುಪುವಷ್ಟರಲ್ಲಿ ನಮ್ಮ ಕಡೆಯವರ ಅರ್ಧ ಆಯುಷ್ಯ ಜಯದೇವ ಆಸ್ಪತ್ರೆಯ ಸುತ್ತಮುತ್ತಲೇ ಕಳೆದಿರುತ್ತಿತ್ತು.

ಈಗಿನ ನನ್ನ ದಿನಚರಿ ಹೀಗಿದೆ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಹಸಿರು ಮಾರ್ಗದ ರೈಲು ಹತ್ತಿ, ಲಾಲ್‌ಬಾಗ್, ಸೌತ್ ಎಂಡ್ ವೃತ್ತ, ಜಯನಗರ ದಾಟಿ ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ರೈಲು ಹಿಡಿಯುತ್ತೇನೆ. ಮನೆಯ ಬಾಗಿಲಿನಿಂದ ಕಚೇರಿಯ ಮೇಜಿನವರೆಗೆ ಒಂದು ಗಂಟೆ ಹತ್ತು ನಿಮಿಷ. ಕಾರಿನಲ್ಲಿ ಒಳ್ಳೆಯ ದಿನವಾದರೂ ಇದಕ್ಕಿಂತ ಬಹಳ ಕಡಿಮೆಯೇನೂ ಆಗುತ್ತಿರಲಿಲ್ಲ. ಕೆಟ್ಟ ದಿನದಲ್ಲಿ ಎರಡು ಗಂಟೆ ದಾಟುತ್ತಿತ್ತು. ಹಾಗಾಗಿ ಸಮಯ ಉಳಿಯಿತು ಎನ್ನುವುದಕ್ಕಿಂತ, ಸಮಯಕ್ಕೆ ಒಂದು ನಂಬಿಕೆ ಬಂತು ಎನ್ನುವುದು ಸರಿ. ಹತ್ತು ಗಂಟೆಗೆ ಮೀಟಿಂಗ್ ಇದ್ದರೆ ಎಂಟೂಕಾಲಿಗೋ ಎಂಟೂಮುಕ್ಕಾಲಿಗೋ ಎಂದು ಮಳೆ, ಮದುವೆ ಛತ್ರ, ರಾಜಕಾರಣಿಗಳ ಮೆರವಣಿಗೆ ಎಲ್ಲವನ್ನೂ ಕೂಡಿಸಿ ಕಳೆಯುವ ಕೆಲಸ ತಪ್ಪಿದೆ.

ಪ್ರಯಾಣದಲ್ಲಿ ನನಗೆ ಇಷ್ಟವಾದ ಭಾಗ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನದು. ಇಲ್ಲಿ ನೆಲದ ಮೇಲೊಂದು ರಸ್ತೆ, ಅದರ ಮೇಲೆ ಮೂರು ಕಿಲೋಮೀಟರಿಗಿಂತ ಉದ್ದದ ಮೇಲ್ಸೇತುವೆ, ಅದರ ಮೇಲೆ ಮೆಟ್ರೋ ಹಳಿ, ಹೀಗೆ ಮಹಡಿಯ ಮೇಲೆ ಮಹಡಿ ಕಟ್ಟಿದ್ದಾರೆ. ರೈಲು ಸಿಲ್ಕ್ ಬೋರ್ಡ್ ಸಮೀಪಿಸುವಾಗ ಕಿಟಕಿಯಿಂದ ಕೆಳಗೆ ನೋಡಿದರೆ ಬಿಎಂಟಿಸಿ ಬಸ್ಸುಗಳ ನೆತ್ತಿಗಳು, ಅವುಗಳ ನಡುವೆ ಸಿಕ್ಕಿಕೊಂಡ ಹಳದಿ-ಹಸಿರು ಆಟೋಗಳು, ಸಂದಿಯಲ್ಲಿ ನುಸುಳಲು ಕತ್ತು ಚಾಚಿದ ಸ್ಕೂಟರುಗಳು ಕಾಣುತ್ತವೆ. ನಿಂತಿದ್ದವರೆಲ್ಲ ಒಂದು ಕ್ಷಣ ಮೊಬೈಲಿನಿಂದ ತಲೆಯೆತ್ತಿ ಅತ್ತ ನೋಡುವುದನ್ನು ನಾನು ಗಮನಿಸಿದ್ದೇನೆ. ಅದರಲ್ಲಿ ಸ್ವಲ್ಪ ಅನುಕಂಪವಿದೆ, ಸ್ವಲ್ಪ ಹೆಚ್ಚಾಗಿಯೇ ಸಮಾಧಾನವಿದೆ. ಡಿಸೆಂಬರಿನಲ್ಲಿ ಒಂದು ಸಂಜೆ ಹೆಬ್ಬಗೋಡಿಯ ಕಡೆಯಿಂದ ಬಂದ ಹಿರಿಯರೊಬ್ಬರು ಕಾಲ ಬಳಿ ಒಂದು ಚೀಲ ಅವರೆಕಾಯಿ ಇಟ್ಟುಕೊಂಡು ಕುಳಿತಿದ್ದರು. ಹವಾನಿಯಂತ್ರಿತ ಬೋಗಿಯಲ್ಲೆಲ್ಲ ಅದರ ಸೊಗಡು ಹರಡಿ, ಕೊರಳಲ್ಲಿ ಗುರುತಿನ ಚೀಟಿ ತೂಗುಬಿಟ್ಟುಕೊಂಡ ಹುಡುಗ ಹುಡುಗಿಯರು ಹಿತಕಬೇಳೆಯ ಬಗ್ಗೆ ಮಾತಾಡತೊಡಗಿದರು. ಕಂಪನಿಯ ಕ್ಯಾಬಿನಲ್ಲಿ ಹತ್ತು ವರ್ಷ ಓಡಾಡಿದ್ದರೂ ಇಂಥದ್ದೊಂದು ನಡೆಯುತ್ತಿರಲಿಲ್ಲ.

ನಿಲ್ದಾಣಗಳ ಹೆಸರಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಹಣ ಕೊಟ್ಟ ಸಂಸ್ಥೆಗಳ ಹೆಸರನ್ನು ಊರಿನ ಹೆಸರಿನ ಮುಂದೆ ಜೋಡಿಸಿರುವುದರಿಂದ ‘ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ’, ‘ಬಯೋಕಾನ್ ಹೆಬ್ಬಗೋಡಿ’, ‘ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ’ ಎಂಬ ಉದ್ದನೆಯ ಪ್ರಕಟಣೆಗಳು ಕೇಳಿಬರುತ್ತವೆ. ಜನ ಮಾತ್ರ ಇಂದಿಗೂ ಅಗ್ರಹಾರ, ಹೆಬ್ಬಗೋಡಿ ಎಂದೇ ಹೇಳುತ್ತಾರೆ. ಕೋನಪ್ಪ ಬಚಾವಾದ.

ಈ ತಿಂಗಳುಗಳಲ್ಲಿ ಈ ಮಾರ್ಗದ ದೊಡ್ಡ ಕೊರತೆ ರೈಲುಗಳದಾಗಿತ್ತು. ಕಂಬ, ಹಳಿ, ನಿಲ್ದಾಣ ಎಲ್ಲವೂ ಸಿದ್ಧವಾದ ಮೇಲೂ ಓಡಿಸಲು ಬೋಗಿಗಳಿಲ್ಲದೆ ಕಾಯಬೇಕಾಯಿತು: ಗುತ್ತಿಗೆ ಚೀನಾದ ಕಂಪನಿಗೆ ಹೋಗಿತ್ತು, ನಂತರ ಕೋಲ್ಕತ್ತದ ಟಿಟಾಗಢದ ಮೂಲಕ ಇಲ್ಲೇ ತಯಾರಿಸುವ ವ್ಯವಸ್ಥೆಯಾಗಿ, ರೈಲುಗಳು ಒಂದೊಂದಾಗಿ ಬರತೊಡಗಿದವು. ಮೂರೇ ರೈಲುಗಳೊಂದಿಗೆ ಸಂಚಾರ ಶುರುವಾದಾಗ ಎರಡು ರೈಲುಗಳ ನಡುವಿನ ಅಂತರ 25 ನಿಮಿಷ. ನವೆಂಬರ್ ಹೊತ್ತಿಗೆ ಅದು 15 ನಿಮಿಷಕ್ಕೆ ಇಳಿಯಿತು. ಹಸಿರು, ನೇರಳೆ ಮಾರ್ಗಗಳಲ್ಲಿ ಒಂದು ರೈಲು ಹೋದರೆ ಇನ್ನೊಂದು ಬರುತ್ತದೆಂಬ ಧೈರ್ಯದಲ್ಲಿ ನಿಧಾನವಾಗಿ ಮೆಟ್ಟಿಲು ಹತ್ತುವ ಅಭ್ಯಾಸವಿರುವವರಿಗೆ ಇದು ದೊಡ್ಡ ಅಂತರವೇ ಆಗಿತ್ತು. ಕಣ್ಣೆದುರು ಒಂದು ರೈಲು ಹೊರಟುಹೋದರೆ ಕಚೇರಿಯ ಒಂದು ಸಣ್ಣ ಮೀಟಿಂಗ್ ಮುಗಿದಂತೆಯೇ ಲೆಕ್ಕ. ಇದರ ಮೇಲೆ ಕಂಪನಿಗಳ ಹಾಜರಿ ನಿಯಮಗಳ ಒತ್ತಡ ಬೇರೆ: ಎಲೆಕ್ಟ್ರಾನಿಕ್ ಸಿಟಿಯಲ್ಲೇ ಮುಖ್ಯ ಕಚೇರಿ ಇರುವ ಇನ್ಫೋಸಿಸ್ 2025ರ ಮಾರ್ಚ್ 10ರಿಂದ ಕೆಳ ಮತ್ತು ಮಧ್ಯಮ ಹಂತದ ನೌಕರರು ತಿಂಗಳಿಗೆ ಕನಿಷ್ಠ 10 ದಿನ ಬರಬೇಕೆಂದಿದೆ, ವಿಪ್ರೋ 2023ರ ನವೆಂಬರ್‌ನಿಂದ ವಾರಕ್ಕೆ ಮೂರು ದಿನ ಎಂದಿದೆ, ಟಿಸಿಎಸ್ ಐದೂ ದಿನ ಎಂದಿದೆ. ಮೂರು ದಿನದ ನಿಯಮವಿರುವ ತಂಡಗಳೆಲ್ಲ ಆ ದಿನಗಳನ್ನು ವಾರದ ನಡುವೆಯೇ ಆರಿಸಿಕೊಳ್ಳುವುದರಿಂದ ಮಂಗಳವಾರದಿಂದ ಗುರುವಾರದವರೆಗೆ ನಾನು ಹತ್ತುವ ಹೊತ್ತಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಶುಕ್ರವಾರ ಅದೇ ರೈಲಿನಲ್ಲಿ ಕುಳಿತು ಪತ್ರಿಕೆ ಬಿಚ್ಚಿ ಓದಬಹುದು. ನಿಮ್ಮ ತಂಡಕ್ಕೆ ದಿನ ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದರೆ ಸೋಮವಾರ, ಶುಕ್ರವಾರಗಳನ್ನು ಸೇರಿಸಿಕೊಳ್ಳುವುದು ಜಾಣತನ.

ದರ ಕಡಿಮೆಯೇನಲ್ಲ. 2025ರ ಫೆಬ್ರವರಿಯ ಏರಿಕೆಯಿಂದ ಗರಿಷ್ಠ ದರ 90 ರೂಪಾಯಿಗೆ ಮುಟ್ಟಿತು. ಸ್ಮಾರ್ಟ್ ಕಾರ್ಡ್‌ಗೆ ಸಿಗುವ ಶೇ. 5ರ ರಿಯಾಯಿತಿಯಿಂದ ದೊಡ್ಡ ವ್ಯತ್ಯಾಸವಾಗದು. ಒಬ್ಬನೇ ಕಾರಿನಲ್ಲಿ ಪೆಟ್ರೋಲ್, ಟೋಲ್ ಸುರಿಯುತ್ತಿದ್ದವನಿಗೆ ಇದು ಉಳಿತಾಯ. ಆದರೆ ನಮ್ಮ ತಂಡದ ಸಹೋದ್ಯೋಗಿಯೊಬ್ಬರು ಶಕ್ತಿ ಯೋಜನೆಯಡಿ ಸಾಮಾನ್ಯ ಬಿಎಂಟಿಸಿ ಬಸ್ಸಿನಲ್ಲಿ ಉಚಿತವಾಗಿ ಬರುತ್ತಾರೆ. ಮೆಟ್ರೋ ಹತ್ತಿ ಎಂದು ಅವರಿಗೆ ಹೇಳುವ ಮುಂಚೆ ನಾನೂ ಎರಡು ಬಾರಿ ಯೋಚಿಸಬೇಕಾಗುತ್ತದೆ. ಮನೆಯಲ್ಲಿ ಕುಳಿತರೆ ಆಗದ ಖರ್ಚು ಇದು ಎಂಬುದನ್ನು, ಕಚೇರಿಗೆ ಬರುವುದರಿಂದಾಗುವ ಲಾಭಗಳನ್ನು ವಿವರಿಸುವ ಯಾವ ಸ್ಲೈಡಿನಲ್ಲೂ ನಾನು ನೋಡಿಲ್ಲ.

ಕೊನೆಯ ಒಂದೂವರೆ ಕಿಲೋಮೀಟರಿನ ಕತೆ ಬೇರೆ. ಕೋನಪ್ಪನ ಅಗ್ರಹಾರದ ಮೆಟ್ಟಿಲಿಳಿದರೆ ಆಟೋದವರು ಸಾಲಾಗಿ ನಿಂತಿರುತ್ತಾರೆ. “ಎಲ್ಲಿಗೆ ಸಾರ್? ಒಳಗಡೆನಾ? ನೂರು ಕೊಡಿ.” “ಇಲ್ಲೇ ಎರಡನೇ ಗೇಟಲ್ವೇನಣ್ಣಾ, ನೂರಾ?” “ವಾಪಸ್ ಖಾಲಿ ಬರ್ಬೇಕಲ್ಲ ಸಾರ್.” ನಮ್ಮ ಕಂಪನಿ ನಿಲ್ದಾಣದಿಂದ ಒಂದು ಮಿನಿಬಸ್ ಬಿಡುವುದಾಗಿ ಹೇಳಿತ್ತು. ಅದು ಬಿಟ್ಟದ್ದೂ ನಿಜ, ಆದರೆ ರೈಲಿನ ವೇಳೆಗೂ ಅದರ ವೇಳೆಗೂ ಹೊಂದಾಣಿಕೆಯಿಲ್ಲದೆ, ನಾವು ಇಳಿಯುವ ಹೊತ್ತಿಗೆ ಅದು ತಿರುವಿನಲ್ಲಿ ಮರೆಯಾಗುತ್ತಿರುತ್ತದೆ. ನಾನು ನಡೆದುಬಿಡುತ್ತೇನೆ. ಜನವರಿಯ ಚಳಿಯಲ್ಲಿ ಅದು ಹಿತವೇ, ಏಪ್ರಿಲ್‌ನಲ್ಲಿ ಹೇಗೋ ನೋಡಬೇಕು.

ಹೀಗೆ ದಾರಿ ಬಹುಮಟ್ಟಿಗೆ ಸುಸೂತ್ರವಾದ ಮೇಲೆ ನಡೆದದ್ದೇ ಈ ಐದು ತಿಂಗಳಲ್ಲಿ ನಾನು ನಿರೀಕ್ಷಿಸದೇ ಇದ್ದ ಸಂಗತಿ. ಬೈಯಲು ಸಿಲ್ಕ್ ಬೋರ್ಡ್ ಇಲ್ಲದಾದಾಗ, ಮೊದಲ ಬಾರಿಗೆ ನಾನು ಕಚೇರಿಯನ್ನೇ ನೇರವಾಗಿ ನೋಡಬೇಕಾಯಿತು. ಮಂಗಳವಾರ ತಂಡದ ಆರೂ ಮಂದಿ ಬಂದ ದಿನ, ಹೊಸದಾಗಿ ಸೇರಿದ ಹುಡುಗಿ ಎರಡು ದಿನದಿಂದ ತಡಕಾಡುತ್ತಿದ್ದ ದೋಷವೊಂದನ್ನು ಪಕ್ಕದ ಕುರ್ಚಿಯಲ್ಲಿ ಕುಳಿತು ಇಪ್ಪತ್ತು ನಿಮಿಷದಲ್ಲಿ ಬಿಡಿಸಿದೆವು. ಚಾಟ್‌ನಲ್ಲಿ ಕೇಳಲು ಆಕೆ ಸಂಕೋಚಪಟ್ಟಿದ್ದಳು. ಆ ದಿನದ ಒಂದು ಗಂಟೆ ಹತ್ತು ನಿಮಿಷಕ್ಕೆ ಬೆಲೆ ಬಂತು. ಅದೇ ವಾರದ ಗುರುವಾರ ನಾನು ಅಷ್ಟೇ ದೂರ ಬಂದು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಪುಣೆಯವರ ಜೊತೆ ನಾಲ್ಕು ವಿಡಿಯೋ ಕರೆ ಮುಗಿಸಿ, ಯಾರ ಮುಖವನ್ನೂ ಸರಿಯಾಗಿ ನೋಡದೆ ಸಂಜೆ ಆರಕ್ಕೆ ರೈಲು ಹತ್ತಿದೆ. ಆ ದಿನಕ್ಕೆ ಎಷ್ಟು ಚೆಂದದ ರೈಲಾದರೂ ದುಬಾರಿ.

ಈ ವಿಷಯದಲ್ಲಿ ನಾನು ನಂಬುವ ಒಂದು ಅಧ್ಯಯನವಿದೆ. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಟ್ರಿಪ್.ಕಾಮ್ ಕಂಪನಿಯ 1,612 ನೌಕರರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಲು ಬಿಟ್ಟರು. ಫಲಿತಾಂಶ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲಸದ ಗುಣಮಟ್ಟದಲ್ಲಾಗಲಿ ಬಡ್ತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ, ಕೆಲಸ ಬಿಟ್ಟುಹೋಗುವವರ ಪ್ರಮಾಣ ಮಾತ್ರ ಮೂರನೇ ಒಂದು ಪಾಲು ಇಳಿಯಿತು. ಆ ಇಳಿಕೆ ಎದ್ದು ಕಂಡದ್ದು ಮಹಿಳೆಯರಲ್ಲಿ, ವ್ಯವಸ್ಥಾಪಕರಲ್ಲದವರಲ್ಲಿ ಮತ್ತು ದೂರದಿಂದ ಪ್ರಯಾಣಿಸುವವರಲ್ಲಿ. ದೂರದವರ ದೂರವನ್ನು ಕಡಿಮೆ ಮಾಡುವ ಕೆಲಸವನ್ನೇ ಹಳದಿ ಮಾರ್ಗ ಮಾಡಿರುವುದರಿಂದ, ಎರಡು ದಿನ ಮನೆಯಿಂದ ಕೆಲಸ ಮಾಡುವುದು ಇಲ್ಲಿನವರಿಗೆ ಇನ್ನು ಅಷ್ಟು ಮುಖ್ಯವಲ್ಲ ಎಂದು ಯಾರಾದರೂ ಹೇಳಿದರೆ ಅದರಲ್ಲಿ ಸ್ವಲ್ಪ ಹುರುಳಿದೆಯೆಂದು ಒಪ್ಪುತ್ತೇನೆ. ಆದರೆ ಹೊರಮಾವಿನಿಂದಲೋ ಯಲಹಂಕದಿಂದಲೋ ಬರುವವನಿಗೆ ಈ ಮಾರ್ಗದಿಂದ ಆದ ಉಪಕಾರ ಬಹಳ ಸಣ್ಣದು. ಒಂದೇ ಕಟ್ಟಡದಲ್ಲಿ ಅವನಿಗೂ ನನಗೂ ಒಂದೇ ನಿಯಮ.

ಹಾಗೆಂದು ಮನೆಯನ್ನು ಹೊಗಳುವುದಕ್ಕೂ ನಾನು ತಯಾರಿಲ್ಲ. ನಮ್ಮ ಎರಡು ಕೋಣೆಯ ಮನೆಯಲ್ಲಿ ಅಮ್ಮನ ಮಧ್ಯಾಹ್ನದ ಧಾರಾವಾಹಿ, ಕೆಳಗಿನ ಮನೆಯ ನೀರಿನ ಮೋಟರ್, “ಹೇಗೂ ಮನೆಯಲ್ಲೇ ಇದ್ದೀಯಲ್ಲ, ಗ್ಯಾಸಿನವನು ಬಂದರೆ ನೋಡಿಕೋ” ಎಂಬ ಮಾತು, ಇವೆಲ್ಲ ಸೇರಿ ಕೆಲಸದ ದಿನ ರಾತ್ರಿ ಒಂಬತ್ತರವರೆಗೂ ಎಳೆಯುತ್ತಿತ್ತು. ರೈಲು ಹಿಡಿಯಬೇಕೆಂಬ ಕಾರಣಕ್ಕೆ ಆರಕ್ಕೆ ಲ್ಯಾಪ್‌ಟಾಪ್ ಮುಚ್ಚುವುದು ಈಗ ಸಾಧ್ಯವಾಗಿದೆ. ಇದನ್ನೂ ಈ ಸೇವೆಯ ಗುಣಗಳ ಪಟ್ಟಿಗೇ ಸೇರಿಸುತ್ತೇನೆ.

ಕಳೆದ ವಾರ ನಮ್ಮ ಮ್ಯಾನೇಜರ್ ಕಾಫಿ ಯಂತ್ರದ ಬಳಿ ಸಿಕ್ಕು, “ಈಗ ಮೆಟ್ರೋನೇ ಬಂದಿದೆಯಲ್ಲಪ್ಪ, ನಾಲ್ಕು ದಿನ ಬರಬಹುದಲ್ವಾ?” ಎಂದರು. ಆ ಪ್ರಶ್ನೆ ಬರುತ್ತದೆಂದು ಆಗಸ್ಟ್‌ನಿಂದಲೂ ಕಾಯುತ್ತಿದ್ದೆ. “ಬರ್ತೀನಿ ಸರ್, ಪುಣೆಯವರ ಕರೆಗಳನ್ನೆಲ್ಲ ನಾನು ಮನೆಯಲ್ಲಿರೋ ಐದನೇ ದಿನಕ್ಕೆ ಹಾಕಿಸಿ” ಎಂದೆ. ಅವರು ನಕ್ಕು, ನೋಡೋಣ ಎಂದು ಹೋದರು. ಕರೆಗಳು ಸದ್ಯಕ್ಕೆ ಗುರುವಾರದಲ್ಲೇ ಇವೆ.

ಹಸಿರು ಮಾರ್ಗದ ಯಾವುದೇ ನಿಲ್ದಾಣಕ್ಕೆ ನಡೆದು ಹೋಗಬಲ್ಲವರು, ಬಿಟಿಎಂ ಲೇಔಟ್, ಬೊಮ್ಮನಹಳ್ಳಿ, ಹೊಂಗಸಂದ್ರ, ಕೂಡ್ಲು ಗೇಟ್ ಸುತ್ತಮುತ್ತಲಿನವರು ಕಾರಿನ ಕೀಲಿಯನ್ನು ಮೊಳೆಗೆ ನೇತುಹಾಕಿ ಇದನ್ನು ಧಾರಾಳವಾಗಿ ಬಳಸಬಹುದು. ನೇರಳೆ ಮಾರ್ಗದ ಕೊನೆಗಳಿಂದ ಬರುವವರು ಎರಡು ಬಾರಿ ಬದಲಿಸಬೇಕಾದ್ದರಿಂದ ಮೊದಲು ಒಂದು ದಿನ ಗಡಿಯಾರ ನೋಡಿಕೊಂಡು ಹೋಗಿಬರಲಿ. ಆರ್.ವಿ. ರಸ್ತೆಯಲ್ಲಿ ಹಸಿರು ರೈಲಿನಿಂದ ಇಳಿಯುವವರು ಬಾಗಿಲ ಬಳಿಯೇ ನಿಂತಿದ್ದರೆ ಒಳ್ಳೆಯದು. ಮುಂದಿನ ಹಳದಿ ರೈಲು ಸಿಗುವುದೂ ತಪ್ಪುವುದೂ ಆ ಮೆಟ್ಟಿಲನ್ನು ಯಾರು ಮೊದಲು ಹತ್ತುತ್ತಾರೆ ಎಂಬುದರ ಮೇಲಿದೆ.